ಇಲ್ಲ ಅನ್ನಲಾರದ ಮೂವರು

ಅತಿ ಮರ್ಯಾದಸ್ಥರ ಮಧ್ಯೆ ಕೆಲಸ ಮಾಡುವವರಿಗೆ ನಗುವ ಪ್ರಸಂಗಗಳಿಗೆ ಬರವಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಲೀಡ್ಸ್‌ನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ನಮ್ಮ ಸಾಫ್ಟ್‌ವೇರನ್ನು ಕೌಲಾಲಂಪುರಕ್ಕೂ ಜಕಾರ್ತಾಕ್ಕೂ ಮಾರಬೇಕಿತ್ತು. ಅದಕ್ಕಾಗಿ ಮಲೇಷ್ಯಾದ ಒಬ್ಬಾಕೆ, ಇಂಡೋನೇಷ್ಯಾದ ಒಬ್ಬಾತ, ಅವರಿಬ್ಬರ ನಡುವೆ ಮೈಸೂರಿನ ನಾನು. ವ್ಯಾಪಾರ ಕುದುರಿದರೆ ನನ್ನ ಕೆಲಸ ಖಾಯಂ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು.

ಲಕೋಟೆ

"ಅವರದೂ ಇವರದೂ ಹೆಚ್ಚುಕಡಿಮೆ ಒಂದೇ ಭಾಷೆಯಂತಲ್ಲ, ಎರಡೂ ಊರಿನ ಗಿರಾಕಿಗಳಿಗೆ ಒಂದೇ ಕಾಗದ ಕಳಿಸಿ" ಎಂದರು ನಮ್ಮ ಇಂಗ್ಲಿಷ್ ಮ್ಯಾನೇಜರ್.

ನನ್ನ ಜೊತೆಯವರಿಬ್ಬರೂ ಹೌಹಾರಿದರು. "ಕೌಲಾಲಂಪುರದ ನಮ್ಮ ಸಾಹೇಬರಿಗೆ ರಾಜರೇ ಬಿರುದು ಕೊಟ್ಟಿದ್ದಾರೆ. ಅದಿಲ್ಲದೆ ಬರೆಯೋದಕ್ಕಿಂತ ಬರೆಯದಿರೋದೇ ವಾಸಿ" ಎಂದಳು ಆಕೆ. "ನಮ್ಮವರ ಹೆಸರಿನ ಹಿಂದೆ ಮುಂದೆ ಡಿಗ್ರಿಗಳೆಲ್ಲ ಬರಬೇಕು" ಎಂದ ಆತ. ನಮ್ಮ ಕಡೆಯ ಮದುವೆ ಕರೆಯೋಲೆ ನೆನಪಾಗಿ ನನಗೆ ನಗು ಬಂತು. ಎಲ್ಲ ಬರೆದು ಮುಗಿಸುವ ಹೊತ್ತಿಗೆ ಲಕೋಟೆಯ ಮೇಲೆ ವಿಳಾಸಕ್ಕೆ ಜಾಗವೇ ಉಳಿಯಲಿಲ್ಲ.

ಮ್ಯಾನೇಜರ್ ಲಕೋಟೆಯನ್ನು ತಿರುಗಿಸಿ ನೋಡಿ, "ಒಳಗೂ ಏನಾದರೂ ಬರೆದಿದ್ದೀರಾ?" ಎಂದರು.

ಕೋಡುಬಳೆ

ಒಂದು ಭಾನುವಾರ ಅವರಿಬ್ಬರನ್ನೂ ಮ್ಯಾನೇಜರನ್ನೂ ಹೆಡಿಂಗ್ಲೀ ಬಡಾವಣೆಯ ನನ್ನ ಮನೆಗೆ ಕರೆದೆ. ಚಹಾ, ಒಂದು ತಟ್ಟೆ ಕೋಡುಬಳೆ ಇಟ್ಟೆ. ಇಂಡೋನೇಷ್ಯಾದವನು "ಅಯ್ಯೋ, ಯಾಕೆ ತೊಂದರೆ" ಎಂದು ಕೈ ಕಟ್ಟಿ ಕೂತ. ಆಕೆ ತಮ್ಮ ಕಡೆಯ ಪದ್ಧತಿಯಂತೆ, ತಿಂಡಿಗೆ ಅವಮಾನ ಆಗಬಾರದೆಂದು ತಟ್ಟೆಯ ಅಂಚನ್ನು ಬೆರಳಲ್ಲಿ ಮುಟ್ಟಿದಳು, ಅಷ್ಟೇ. ಅತಿಥಿಗಳಿಗಿಂತ ಮೊದಲು ನಾನು ತಿನ್ನೋದುಂಟೇ? "ತಗೊಳ್ಳಿ, ನಾಚಿಕೋಬೇಡಿ" ಎನ್ನುತ್ತಲೇ ಇದ್ದೆ.

ನಮ್ಮ ಉಪಚಾರ ಮುಗಿಯುವಷ್ಟರಲ್ಲಿ ಮ್ಯಾನೇಜರ್ ತಟ್ಟೆ ಖಾಲಿ ಮಾಡಿದ್ದರು. "ನೀವ್ಯಾರೂ ಕುರುಕಲು ತಿನ್ನೋದಿಲ್ಲ ಅಲ್ಲವೇ? ಒಳ್ಳೇ ಅಭ್ಯಾಸ" ಎಂದರು, ಪುಣ್ಯಾತ್ಮ!

ಉತ್ತರ

ಕೊನೆಗೆ ಆ ಇಬ್ಬರು ಸಾಹೇಬರೂ ಲೀಡ್ಸ್‌ಗೆ ಬಂದು ಸಾಫ್ಟ್‌ವೇರ್ ನೋಡಿದರು. "ತಗೊಳ್ತೀರಾ?" ಎಂದು ಮ್ಯಾನೇಜರ್ ನೇರವಾಗಿ ಕೇಳಿಯೇಬಿಟ್ಟರು. "ಬಹಳ ಸೊಗಸಾಗಿದೆ, ಹಿರಿಯರನ್ನು ಕೇಳಿ ತಿಳಿಸ್ತೇವೆ" ಎಂದರು ಕೌಲಾಲಂಪುರದವರು. "ಇನ್ನೂ ಇಲ್ಲ, ಮುಂದೆ ನೋಡೋಣ" ಎಂದು ನಕ್ಕರು ಜಕಾರ್ತಾದವರು.

ನನ್ನ ಕೆಲಸ ಹೋಯಿತು ಅಂದುಕೊಂಡೆ. ಹೆಣ್ಣು ನೋಡಲು ಬಂದು, ಉಪ್ಪಿಟ್ಟು ಕೇಸರಿಬಾತ್ ತಿಂದು, "ಊರಿಗೆ ಹೋಗಿ ಕಾಗದ ಬರೀತೀವಿ" ಅನ್ನುವವರನ್ನು ನಾನು ಕಾಣದವನೇ?

ವಾರದಲ್ಲೇ ಇಬ್ಬರ ಕಾಗದವೂ ಬಂತು. ಪುಟಗಟ್ಟಲೆ ವಂದನೆ, ಹೊಗಳಿಕೆ, ಹಾರೈಕೆ. ಇಲ್ಲ ಎಂಬ ಮಾತು ಮಾತ್ರ ಎಲ್ಲೂ ಇಲ್ಲ. ವ್ಯಾಪಾರ ಕುದುರಲಿಲ್ಲವೆಂದು ನಮ್ಮ ಮೂವರಿಗೂ ಅರ್ಥವಾಯಿತು. ಮ್ಯಾನೇಜರ್ ಮಾತ್ರ, "ನೋಡಿದಿರಾ, ಎಷ್ಟು ಮೆಚ್ಚಿದ್ದಾರೆ!" ಎಂದು ಎರಡನ್ನೂ ನೋಟಿಸ್ ಬೋರ್ಡಿಗೆ ಚುಚ್ಚಿ, ಅದೇ ಖುಷಿಯಲ್ಲಿ ನನ್ನ ಕೆಲಸ ಖಾಯಂ ಮಾಡಿ ಸಹಿ ಹಾಕಿ ಕೊಟ್ಟರು.

"ನಿಜ ಹೇಳಿಬಿಡೋಣವೇ?" ಎಂದು ಪಿಸುಗುಟ್ಟಿದೆ.

"ದೊಡ್ಡವರಿಗೆ ಮುಖಕ್ಕೆ ಹೊಡೆದ ಹಾಗೆ ಹೇಳೋದು ನಮ್ಮಲ್ಲಿ ಪದ್ಧತಿಯಿಲ್ಲ" ಎಂದಳು ಆಕೆ.

"ನಮ್ಮಲ್ಲೂ ಇಲ್ಲ" ಎಂದ ಆತ. ಅವರಿಬ್ಬರೂ ಒಂದು ವಿಷಯ ಒಪ್ಪಿದ್ದು ಅದೇ ಮೊದಲು.

"ಮೈಸೂರಿನಲ್ಲಂತೂ ಇಲ್ಲವೇ ಇಲ್ಲ" ಎಂದು ನಾನು ಆ ಸಹಿಯ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡೆ.