ಮಗಳು ಓದುವ ಮನುಷ್ಯರ ಬೆಳವಣಿಗೆ

ಹೆಸರು ಕೇಳಿದ ಕೂಡಲೇ ಕೆಲಸ ತಿಳಿಯದ ಓದನ್ನು ನಾನು ನಂಬುವುದಿಲ್ಲ. ನರ್ಸಿಂಗ್ ಎಂದರೆ ಸೂಜಿ, ಸಿವಿಲ್ ಎಂದರೆ ಸೇತುವೆ, ಅಲ್ಲಿಗೆ ಮುಗಿಯಿತು. ನನ್ನ ಮಗಳು ಮಂಜುಳಾ ಯೂನಿವರ್ಸಿಟಿಯಲ್ಲಿ ಆರಿಸಿಕೊಂಡದ್ದು ಹ್ಯೂಮನ್ ಡೆವಲಪ್‌ಮೆಂಟ್. ಸೇಲಂನ ನಮ್ಮ ಆಫೀಸಿನಲ್ಲಿ ಪಕ್ಕದ ಸೀಟಿನ ಸೆಲ್ವರಾಜ್, "ಅದು ಎನ್ನ ಸಾರ್ ಪಡಿಪ್ಪು?" ಅದೆಂಥ ಓದು ಎಂದು ತಮಿಳಿನಲ್ಲಿ ಕೇಳಿದ. ಮನುಷ್ಯ ಹುಟ್ಟಿದಾಗಿನಿಂದ ಮುದುಕನಾಗುವ ತನಕ ಹೇಗೆ ಬೆಳೆಯುತ್ತಾನೆ ಎಂಬ ಓದು ಎಂದೆ. "ಅದುಕ್ಕು ಕಾಲೇಜ್ ಎದುಕ್ಕು? ಸೋರು ಪೋಟ್ಟಾ ವಳರುವಾನ್" ಎಂದ. ಅನ್ನ ಹಾಕಿದರೆ ಬೆಳೆಯುತ್ತಾನಂತೆ, ಅದಕ್ಕೆ ಕಾಲೇಜು ಯಾಕಂತೆ! ನನ್ನ ಅನುಮಾನವೂ ಅದೇ.

ಅದು ಗಟ್ಟಿಯಾದದ್ದು ಅವಳು ರಜೆಗೆ ಬಂದಾಗ. ನಾನು ಟಿವಿ ರಿಮೋಟನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುವುದನ್ನು ಸುಮ್ಮನೆ ನೋಡುತ್ತಿದ್ದಳು. "ಅಪ್ಪಾ, ಚಿಕ್ಕವನಿದ್ದಾಗ ನಿನ್ನ ಆಟದ ಸಾಮಾನು ಯಾರಾದ್ರೂ ಕಿತ್ಕೋತಿದ್ರಾ?" ಎಂದು ಒಮ್ಮೆ ಕೇಳಿದಳು. ಓದಿಸಲು ಹೋಗಿ ಮನೆಯೊಳಗೇ ಸಿಐಡಿಯೊಬ್ಬಳನ್ನು ಸಾಕಿದಂತಾಯಿತು.

ಅದೇ ರಜೆಯಲ್ಲಿ ಇಬ್ಬರೂ ಪೆನ್ನಾಗರಂ ಹತ್ತಿರ ನನ್ನ ಅಕ್ಕ ಕೆಂಪಮ್ಮನ ಊರಿಗೆ ಹೋದೆವು. ಅಕ್ಕನಿಗೆ ದೊಡ್ಡಿ ತುಂಬ ಕುರಿ, ಒಬ್ಬಳೇ ಮೊಮ್ಮಗಳು ಪವಿ. ಎರಡೂವರೆ ವರ್ಷವಾದರೂ ಮಗುವಿನ ಬಾಯಲ್ಲಿ ಒಂದು ಮಾತಿಲ್ಲ.

"ಬಲೇ ಅಟಮಾರಿ ಕಣ್ಲಾ. ಎಷ್ಟು ಕೂಗುದ್ರೂ ತಿರುಗಾಕಿಲ್ಲ," ಎಂದು ಅಕ್ಕ ದೂರಿದಳು.

ನಮ್ಮ ವಂಶವೇ ಹಾಗೆ, ನಾನೂ ತಡವಾಗಿ ಮಾತಾಡಿದವನು ಎಂದು ನಾನು ತೀರ್ಪು ಕೊಟ್ಟೆ. ಮಂಜುಳಾ ಮಾತ್ರ, ಕಲ್ಲು ಪೇರಿಸುತ್ತ ಕೂತಿದ್ದ ಮಗುವಿನ ಬೆನ್ನ ಹಿಂದೆ ಹೋಗಿ, ಕುರಿಯ ಗಂಟೆಯೊಂದನ್ನು ಜೋರಾಗಿ ಅಲ್ಲಾಡಿಸಿದಳು. ದೊಡ್ಡಿಯ ಕುರಿಗಳೆಲ್ಲ ತಲೆ ಎತ್ತಿದವು. ಪವಿ ಎತ್ತಲಿಲ್ಲ. ಇವಳು ಎದುರಿಗೆ ಬಂದು ಕೂತಾಗ ಮಾತ್ರ ಬಾಯ್ತುಂಬ ನಕ್ಕಿತು.

"ಅತ್ತೆ, ಇದು ಹಠ ಅಲ್ಲ. ಕಿವಿ ಕೇಳಿಸ್ತಿಲ್ಲ ಅನ್ಸುತ್ತೆ."

ಅಕ್ಕನ ಮುಖ ಬಿಳುಚಿತು. "ಎಣ್ಮಗಾ ಕಣವ್ವ, ಅಂಗನ್ಬ್ಯಾಡ."

ನಾನೂ ರೇಗಿದೆ. ನಾಲ್ಕು ಪುಸ್ತಕ ಓದಿ ಎಳೆ ಮಗುವಿಗೆ ಕಿವುಡಿ ಎಂದು ಹೆಸರಿಡಲು ಬಂದೆಯಾ ಎಂದೆ. ಅವಳು ಅಕ್ಕನ ಪಕ್ಕ ಕೂತು, ಮಗು ಯಾವಾಗ ನಕ್ಕಿತು, ಯಾವ ಸದ್ದಿಗೆ ಬೆಚ್ಚಿತು ಎಂದು ಮೆಲ್ಲಗೆ ಒಂದೊಂದೇ ಕೇಳಿದಳು. ಹೇಳುತ್ತ ಹೇಳುತ್ತ ಅಕ್ಕ ಅತ್ತಳು. "ಕೇಳ್ದಿರೋ ಮಗೀಗೆ ಒಡೆದ್ಬಿಟ್ನಲ್ಲವ್ವ!" ಸಂಜೆಯಾಗುವಷ್ಟರಲ್ಲಿ ಅವಳೇ, "ಯಾವ ಆಸ್ಪತ್ರಿಗೆ ಓಗಾನ?" ಎಂದಳು.

ಧರ್ಮಪುರಿಯಲ್ಲಿ ಪರೀಕ್ಷೆ ಮಾಡಿದ ಡಾಕ್ಟರಮ್ಮ, ಅಲ್ಪಸ್ವಲ್ಪ ಕೇಳಿಸುತ್ತದೆ, ಕಿವಿಗೆ ಮಿಷನ್ ಹಾಕಿ ತರಬೇತಿ ಕೊಟ್ಟರೆ ಮಾತು ಬರುವ ಆಸೆ ಇದೆ, ಈಗಲೇ ತಂದದ್ದು ಒಳ್ಳೆಯದಾಯಿತು ಎಂದರು. ಅಕ್ಕ ಪವಿಯನ್ನು ಎದೆಗೊತ್ತಿಕೊಂಡಳು. ಮೊದಲು ಗಮನಿಸಿದ್ದು ಯಾರು ಎಂದು ಡಾಕ್ಟರಮ್ಮ ಕೇಳಿದರು. ನನ್ನ ಬಾಯಿ ನನ್ನನ್ನು ಕೇಳದೆಯೇ, "ನಾನ್‌ದಾನ್ ಡಾಕ್ಟರ್" ಗಮನಿಸಿದ್ದು ನಾನೇ ಎಂದುಬಿಟ್ಟಿತು.

ಮಂಜುಳಾ ನನ್ನತ್ತ ನೋಡಿದಳು. ಕೋಪವಿರಲಿಲ್ಲ, ತುಂಬ ಸಹನೆಯ ನೋಟ. ನನಗೀಗ ಐವತ್ತಾರು. ಆ ನೋಟದ ಪ್ರಕಾರ ನಾಲ್ಕೋ ಐದೋ ಇರಬೇಕು.