ಮಂಗಳೂರಿನಲ್ಲಿ ನಾನು ಹುಟ್ಟಿಸಿದ ಸೂರ್ಯ

ಭೂಗೋಳದ ಮೇಷ್ಟ್ರು ಊರೂರು ಸುತ್ತಿದವನಾಗಿರಲೇಬೇಕೆಂದು ಜನ ಯಾಕೆ ಭಾವಿಸುತ್ತಾರೋ ಕಾಣೆ. ಇತಿಹಾಸದ ಮೇಷ್ಟ್ರನ್ನು ಯಾರೂ ‘ನೀವು ಯಾವ ಯುದ್ಧಕ್ಕೆ ಹೋಗಿದ್ದಿರಿ?’ ಎಂದು ಕೇಳುವುದಿಲ್ಲ. ನನ್ನನ್ನು ಮಾತ್ರ ಕೇಳುತ್ತಿದ್ದರು. ಎಪ್ಪತ್ತರ ದಶಕದಲ್ಲಿ ನಾನು ಪಟ್ಟನಾಯಕನಹಳ್ಳಿ ಹತ್ತಿರದ ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಿದ್ದೆ. ಆಗ ನಾನು ಕಂಡಿದ್ದ ಲೋಕ ಶಿರಾದಲ್ಲಿ ಶುರುವಾಗಿ, ಮಧುಗಿರಿಯ ಅತ್ತೆ ಮನೆಯಲ್ಲಿ ಊಟ ಮುಗಿಸಿ, ತುಮಕೂರಿನ ಬಸ್ ನಿಲ್ದಾಣದಲ್ಲಿ ಕೊನೆಯಾಗುತ್ತಿತ್ತು.

ಪುಸ್ತಕದ ಪಾಠಕ್ಕೆ ನನಗೇ ಆಕಳಿಕೆ ಬರತೊಡಗಿದಾಗ ಏಳನೇ ತರಗತಿಗೆ ಒಂದು ಕೆಲಸ ಹಚ್ಚಿದೆ. ಒಬ್ಬೊಬ್ಬರೂ ತಾವು ನೋಡಲು ಆಸೆಪಡುವ ಒಂದೊಂದು ಊರು ಆರಿಸಬೇಕು. ದಾರಿ ಯಾವುದು, ಅಲ್ಲಿ ಏನು ಬೆಳೆಯುತ್ತಾರೆ, ಏನು ಉಣ್ಣುತ್ತಾರೆ ಎಂದು ಹೋಗಿಬಂದವರನ್ನೇ ಕೇಳಿ ತಿಳಿದು ಬಂದು ಹೇಳಬೇಕು. ಒಬ್ಬ ದೆಹಲಿ ಆರಿಸಿದ. ಇನ್ನೊಬ್ಬ ನಮ್ಮ ಜಿಲ್ಲೆಯದೇ ಹಳ್ಳಿ ಕೊಳಾಲ ಆರಿಸಿದ, ಅಲ್ಲಿ ಅವನ ಸೋದರತ್ತೆ ಹೋಳಿಗೆ ಮಾಡುತ್ತಿದ್ದರಂತೆ. ಕುರಿ ಕಾಯುವ ಮನೆಯ ಈರಮ್ಮ ಮಂಗಳೂರು ಎಂದಳು. ಅವಳಿಗೆ ಸಮುದ್ರ ನೋಡುವಾಸೆ. “ನೀವು ನೋಡಿದ್ದೀರಾ ಸಾ?” ಎಂದಳು. ‘ಇಲ್ಲ’ ಎನ್ನಲು ಎರಡೇ ಅಕ್ಷರ ಸಾಕಿತ್ತು. ನಾನು ಎದೆಯುಬ್ಬಿಸಿ, ಮಂಗಳೂರಿನ ಮರಳ ಮೇಲೆ ಮುಂಜಾನೆ ನಿಂತದ್ದನ್ನೂ, ಕೆಂಪು ಸೂರ್ಯ ನೀರೊಳಗಿಂದ ಮೇಲೆದ್ದು ಬಂದದ್ದನ್ನೂ ಹತ್ತು ನಿಮಿಷ ಬಣ್ಣಿಸಿದೆ. ಮಕ್ಕಳು ಬಾಯಿ ತೆರೆದು ಕೇಳಿದರು.

ಮಕ್ಕಳು ಒಪ್ಪಿಸುವ ದಿನವೇ ಶಾಲಾ ಇನ್ಸ್‌ಪೆಕ್ಟರ್ ಸಾಹೇಬರು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ನನ್ನ ಕೆಲಸ ಖಾಯಂ ಆಗುವುದು ಅವರ ಒಂದು ಸಾಲಿನ ಮೇಲೆ ನಿಂತಿತ್ತು. ಈರಮ್ಮ ಎದ್ದಳು. ಕಡಲೆಕಾಯಿ ಹೇರಿಕೊಂಡು ಮಂಗಳೂರಿಗೆ ಹೋಗಿಬರುವ ಶಿರಾದ ಲಾರಿ ಡ್ರೈವರ್ ದಸ್ತಗೀರ್ ಸಾಬರನ್ನು ಸಂತೆಯಲ್ಲಿ ಹಿಡಿದು ಕೇಳಿಕೊಂಡು ಬಂದಿದ್ದಳು. ಘಾಟಿ, ಹೆಂಚು, ಮೀನು, ಕುಚಲಕ್ಕಿ ಎಲ್ಲ ಹೇಳಿ ಮುಗಿಸಿ, “ಸೂರ್ಯ ಅಲ್ಲಿ ಸಮುದ್ರದಾಗೆ ಮುಳುಗ್ತಾನೆ, ಹುಟ್ಟಾಕಿಲ್ಲ. ಸಮುದ್ರ ಪಡುವಲಕ್ಕೈತೆ. ಬೆಳಿಗ್ಗೆ ಮಂದೆ ಬುಟ್ಟಾಗ ನೆಳ್ಳು ಬೀಳ್ತೈತಲ್ಲ, ಆ ಕಡೀಕೆ” ಎಂದಳು.

ನನ್ನ ಬೆನ್ನ ಹಿಂದಿನ ನಕ್ಷೆಯಲ್ಲಿ ಅರಬ್ಬೀ ಸಮುದ್ರ ಎಡಕ್ಕೆ ನೀಲಿಯಾಗಿ ಹರಡಿತ್ತು; ವರ್ಷವಿಡೀ ಅದನ್ನು ಕೋಲಿನಿಂದ ತಿವಿದವನೂ ನಾನೇ. “ಹುಟ್ಟುತ್ತಾನೆ ಅಂತ ಯಾರಮ್ಮ ಹೇಳಿದ್ದು?” ಎಂದರು ಸಾಹೇಬರು. ಈರಮ್ಮ ನನ್ನ ಮುಖ ನೋಡಿದಳು. ಆಮೇಲೆ, “ನಮ್ ಮೇಷ್ಟ್ರು ಸಾ. ನಾವು ಕೇಳಿ ತಿಳ್ಕಂಡು ಬರ್ತೀವೋ ಇಲ್ವೋ ನೋಡಾಕೆ ಬೇಕಂತ್ಲೇ ತಪ್ಪು ಹೇಳ್ಬುಟ್ಟಿದ್ರು” ಎಂದಳು.

ಸಾಹೇಬರು ಎದ್ದು ಬಂದು ನನ್ನ ಕೈ ಕುಲುಕಿದರು. ‘ಶಿಕ್ಷಕರು ಉದ್ದೇಶಪೂರ್ವಕವಾಗಿ ತಪ್ಪು ಹೇಳಿ ಮಕ್ಕಳ ಅನ್ವೇಷಣಾ ಬುದ್ಧಿಯನ್ನು ಬೆಳೆಸುತ್ತಿದ್ದಾರೆ’ ಎಂದು ಬರೆದರು. ನನ್ನ ಅಜ್ಞಾನಕ್ಕೆ ಅಷ್ಟು ಒಳ್ಳೆಯ ಹೆಸರನ್ನು ಅದುವರೆಗೆ ಯಾರೂ ಇಟ್ಟಿರಲಿಲ್ಲ.

ಶಾಲೆ ಬಿಟ್ಟ ಮೇಲೆ ತಡೆಯಲಾರದೆ ಅವಳನ್ನು ಕರೆದು, “ನಾನು ಸಮುದ್ರಾನೇ ನೋಡಿಲ್ಲ ಕಣಮ್ಮ” ಎಂದೆ.

“ಗೊತ್ತು ಸಾ.”

“ಮತ್ಯಾಕೆ ಅಂಗಂದೆ?”

“ಒಂದು ಕುರಿ ದಾರಿ ತಪ್ತು ಅಂತ ತೋಳನ ಬಾಯಿಗೆ ಬುಟ್ಬುಡ್ತೀವಾ ಸಾ? ತಿರುಗಿಸ್ಕಂಡು ಮಂದೆಗೆ ಸೇರಿಸ್ತೀವಿ” ಎಂದು ಹೇಳಿ, ಚೀಲ ಹೆಗಲಿಗೇರಿಸಿ ಮನೆಗೆ ಹೊರಟಳು.

ಇಂದಿಗೂ ಪಿಂಚಣಿ ಕೈಗೆ ಬಂದಾಗಲೆಲ್ಲ ಆ ಹುಡುಗಿಯನ್ನು ನೆನೆದು ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಖಾಯಂ ಆದೇಶದ ಜೊತೆಗೆ, ಮಧುಗಿರಿಯಲ್ಲಿ ಸಭೆ ಸೇರುವ ಮೇಷ್ಟ್ರುಗಳಿಗೆ ನನ್ನ ವಿಧಾನವನ್ನು ವಿವರಿಸಬೇಕೆಂಬ ಆದೇಶವೂ ಬಂತು. ಹೋಗಿ ಒಂದು ಗಂಟೆ ಮಾತಾಡಿದೆ. ಎಲ್ಲರೂ ಬರೆದುಕೊಂಡರು. ಕೊನೆಗೆ ಒಬ್ಬರು, “ಯಾವ ತಪ್ಪು ಹೇಳಬೇಕೆಂದು ಹೇಗೆ ಆರಿಸುತ್ತೀರಿ?” ಎಂದು ಕೇಳಿದರು.

“ಅದು ತಾನಾಗಿಯೇ ಬರುತ್ತದೆ” ಎಂದೆ. ಇಡೀ ಉಪನ್ಯಾಸದಲ್ಲಿ ನಾನು ಹೇಳಿದ ನಿಜ ಅದೊಂದೇ.