ಒಬ್ಬರಿಗೆ ಒಂದೇ ಸೀರೆ

ಎಲ್ಲಕ್ಕೂ ಮೂಲ ಒಂದು ಫೋಟೊ. ಸೂರತ್‌ನ ವ್ಯಾಪಾರಿ ವಾಟ್ಸಾಪಿನಲ್ಲಿ ಕಳಿಸಿದ ಆ ಫೋಟೊದಲ್ಲಿ ಸೀರೆಗಳು ಅಪ್ಪಟ ನವಿಲಿನ ಬಣ್ಣಕ್ಕಿದ್ದವು. ಶಹಾಪುರದ ಬಸ್‌ಸ್ಟ್ಯಾಂಡ್ ರಸ್ತೆಯ ಸೀರೆ ವ್ಯಾಪಾರಿ ಶಾಂತಪ್ಪ ಮರುಳಾಗಿ ಒಂದು ದೊಡ್ಡ ಗಂಟನ್ನೇ ತರಿಸಿಬಿಟ್ಟ. ಗಂಟು ಬಿಚ್ಚಿದಾಗ ನವಿಲು ಹಾರಿಹೋಗಿತ್ತು. ಒಳಗಿದ್ದದ್ದು ನಿನ್ನೆ ಮಾಡಿದ ಬದನೆಕಾಯಿ ಪಲ್ಯದ ಬಣ್ಣ. ಫೋನಿನ ಬೆಳಕು ಪೂರ್ತಿ ಏರಿಸಿಟ್ಟುಕೊಂಡು ಬಣ್ಣ ಆರಿಸುವವನನ್ನು ಶಿವನೇ ಕಾಯಬೇಕು.

ಯುಗಾದಿ ಬಂದು ಹೋಯಿತು, ಮದುವೆ ಹಂಗಾಮು ಮುಗಿಯಿತು. ಹೆಂಗಸರು ಬರುತ್ತಿದ್ದರು, ಸೆರಗು ಮುಟ್ಟುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡಿಕೊಂಡು "ಬ್ಯಾರೆ ತೋರಿಸ್ರಿ" ಅನ್ನುತ್ತಿದ್ದರು. ಗಂಟು ಮಾತ್ರ ಮನೆಯಳಿಯನ ಹಾಗೆ ಅಂಗಡಿಯ ನಟ್ಟನಡುವೆ ಕೂತೇ ಇತ್ತು.

ಆ ದಿನ ಬೆಳಿಗ್ಗೆ ಹೆಂಡತಿ ಬಸವೇಶ್ವರಿ ರೊಟ್ಟಿ ಬಡಿಸುತ್ತ ತೀರ್ಪು ಕೊಟ್ಟಳು.

"ಕೇಳ್ರಿ ಇಲ್ಲಿ. ಇವತ್ತ ಸಂಜಿಮಟ ಆ ಗಂಟು ದುಕಾನದಾಗಿಂದ ಹೋಗಲಿಲ್ಲಂದ್ರ ಅರ್ಧ ದುಕಾನ ನಮ್ಮ ತಮ್ಮ ಚೇತನಗ ಬಿಟ್ಟುಕೊಡ್ರಿ. ಅಂವ ಮೊಬೈಲ್ ಅಂಗಡಿ ಹಾಕ್ತಾನ. ಹಂಗಾದ್ರೂ ನಾಕು ಗಿರಾಕಿ ಬರ್ತಾರ."

"ನಮ್ಮಪ್ಪ ಹಾಕಿದ ದುಕಾನ ಅದು!"

"ಅದಕ್ಕ ಅರ್ಧಾ ಕೇಳಾಕತ್ತೀನಿ. ಇಲ್ಲಂದ್ರ ಪೂರಾ ಕೇಳ್ತಿದ್ದೆ."

ಶಾಂತಪ್ಪ ರೊಟ್ಟಿ ಬಿಟ್ಟು ಎದ್ದ. ಅಪ್ಪ ಕೂತು ಸೀರೆ ಮಾರಿದ ಗಾದಿಯ ಮೇಲೆ ಮೊಬೈಲ್ ಕವರ್ ನೇತುಹಾಕುವುದನ್ನು ನೆನೆಸಿಕೊಂಡರೇ ಅವನಿಗೆ ಕಣ್ಣೀರು ಬರುತ್ತಿತ್ತು.

ಮನೆಯಲ್ಲಿ ಇನ್ನೊಂದು ತಕರಾರೂ ಇತ್ತು. ಮಾಳಿಗೆಯ ಮೇಲೆ ಹೊಸದಾಗಿ ಒಂದು ಖೋಲಿ ಕಟ್ಟಿಸಿದ್ದರು. ತಾಯಿ ಹಂಪಮ್ಮ ಊರನ್ನೆಲ್ಲ ಕರೆಯಬೇಕೆಂದು ವಾರದ ಹಿಂದೆ ಹಟ ಹಿಡಿದಿದ್ದಳು. "ಎಲ್ಲಾರ ಮನ್ಯಾಗೂ ನಾ ಆಯೇರಿ ಮಾಡಿ ಬಂದೀನೋ ಯಪ್ಪಾ. ಅವರು ತಿರುಗಿ ಮಾಡೋದು ಬ್ಯಾಡೇನು?" ಅನ್ನುವುದು ಅವಳ ವಾದ. ಕಾರ್ಯವಿದ್ದ ಮನೆಯ ಯಜಮಾನನಿಗೆ ಟವೆಲ್ಲು, ಯಜಮಾನತಿಗೆ ಸೀರೆ ಕೊಡುವುದು ಆಯೇರಿ. ಇವತ್ತು ನೀನು, ನಾಳೆ ನಾನು. ಆದರೆ ಶಾಂತಪ್ಪ ಖಡಾಖಂಡಿತವಾಗಿ ಹೇಳಿದ್ದ, "ಒಂದು ಖೋಲಿಗಿ ಎಂಥಾ ಓಪನಿಂಗ್ ಬೇ? ಸಂಜಿಗಿ ಒಂದು ಗಿಂಡಿ ಹಾಲು ಉಕ್ಕಿಸು, ಮುಗೀತು. ಒಬ್ಬರನ್ನೂ ಕರೀಬ್ಯಾಡ."

ಹಂಪಮ್ಮ ಆಮೇಲೆ ಆ ಮಾತೇ ಎತ್ತಿರಲಿಲ್ಲ. ಹಾಲು ಉಕ್ಕಿಸುವ ದಿನ ಇವತ್ತೇ. "ಸಂಜಿಗಿ ಲಗೂ ಬಾ" ಎಂದಷ್ಟೇ ಹೇಳಿ ಮಗನನ್ನು ಕಳಿಸಿದಳು.

ಅಂಗಡಿ ತೆರೆಯುವ ಹೊತ್ತಿಗೆ ಹೆಂಡತಿಯ ತಮ್ಮ ಚೇತನಕುಮಾರ ಆಗಲೇ ಬಂದು ಕಟ್ಟೆಯ ಮೇಲೆ ಕೂತಿದ್ದ. ಅಂಗಿಯ ಜೇಬಿನಲ್ಲಿ ಅಳತೆ ಟೇಪು ಇಣುಕುತ್ತಿತ್ತು.

"ಗಡಬಡಿ ಇಲ್ಲ ಮಾಮಾರ. ಸಂಜಿಮಟ ಕೂಡ್ತೀನಿ," ಎಂದ.

ಶಾಂತಪ್ಪ ಹಿಂದಿನ ದಿನ ಫೋನಿನಲ್ಲಿ ಒಂದು ವಿಡಿಯೊ ನೋಡಿದ್ದ. ಟೈ ಕಟ್ಟಿದವನೊಬ್ಬ ವ್ಯಾಪಾರದ ಗುಟ್ಟು ಹೇಳಿದ್ದ. ಬೇಕಾದಷ್ಟಿದೆ ಅಂದರೆ ಗಿರಾಕಿಗೆ ಬೇಡ, ಸಿಗುವುದಿಲ್ಲ ಅಂದರೆ ಅದೇ ಬೇಕು. ಶಾಂತಪ್ಪ ಒಂದು ರಟ್ಟು ಹರಿದು ದಪ್ಪ ಅಕ್ಷರದಲ್ಲಿ ಬರೆದು ಬಾಗಿಲಿಗೆ ತೂಗುಹಾಕಿದ. "ಒಬ್ಬರಿಗೆ ಒಂದೇ ಸೀರೆ. ದಯಮಾಡಿ ಒತ್ತಾಯ ಮಾಡಬಾರದು."

ಪಕ್ಕದ ಚಹಾದಂಗಡಿಯ ಗುರಪ್ಪ ಕಪ್ಪು ಹಿಡಿದುಕೊಂಡು ಬಂದು ಓದಿದ. "ಸಾವ್ಕಾರ್ರ, ಎರಡನೇದು ತಗೊಂಡ್ರ ಪೊಲೀಸರು ಹಿಡೀತಾರೇನ್ರಿ?"

"ನೀ ಚಹಾ ಕಾಸು ಹೋಗು," ಎಂದ ಶಾಂತಪ್ಪ.

ಮೊದಲು ಬಂದವಳು ಅವನದೇ ಓಣಿಯ ಭೀಮಮ್ಮ. ಶಹಾಪುರದ ಸೀರೆ ವ್ಯಾಪಾರಿ ಯಾರೇ ಇರಲಿ, ಮೊದಲು ಕೇಳುವ ಪ್ರಶ್ನೆಯನ್ನೇ ಶಾಂತಪ್ಪನೂ ಕೇಳಿದ.

"ಉಡಾಕೋ, ಕೊಡಾಕೋ?"

ಇದು ಸಣ್ಣ ಪ್ರಶ್ನೆಯಲ್ಲ. ಉಡುವ ಸೀರೆಯಾದರೆ ಹೆಂಗಸು ಅಂಗಡಿಯನ್ನೇ ಕೆಳಗಿಳಿಸುತ್ತಾಳೆ. ಬಿಸಿಲಿಗೆ ಹಿಡಿದು ನೋಡುತ್ತಾಳೆ, ನೂಲು ಎಳೆದು ನೋಡುತ್ತಾಳೆ. ಕೊಡುವ ಸೀರೆಗಾದರೆ ಒಂದು ಅಂಚು ಇದ್ದರೆ ಸಾಕು.

"ಕೊಡಾಕ್ರಿ ಶಾಂತಪ್ಪಣ್ಣ," ಎಂದಳು ಭೀಮಮ್ಮ.

"ಯಾರ ಮನಿ ಕಾರ್ಯ?"

"ಅದರಿ... ಇಲ್ಲೇ ಒಂದು ಮನಿ," ಎಂದು ಭೀಮಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಶಾಂತಪ್ಪ ಬದನೆಕಾಯಿ ಸೀರೆ ಹರವಿದ. ಭೀಮಮ್ಮ ಮೂಗು ಮುರಿಯುವ ಮೊದಲೇ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ. "ಮೂಗು ಮುರೀಬ್ಯಾಡ್ರಿ ಯಕ್ಕಾ. ನಮ್ಮ ಬಸವೇಶ್ವರಿಗಿ ಈ ಕಲರ್ ಅಂದ್ರ ಜೀವ! ಒಂದರ ತರ್ರಿ ಅಂತ ನಿನ್ನೆ ಕಾಲು ಹಿಡದಾಳ. ಗಿರಾಕಿಗಿ ಸಾಲಂಗಿಲ್ಲ, ನಿನಗ ಇಲ್ಲ ಅಂದೀನಿ."

ಭೀಮಮ್ಮನ ಕಣ್ಣು ಅರಳಿತು. "ಖರೇನ? ಬಸವೇಶ್ವರಿಗಿ ಇದು ಸೇರ್ತದ?"

"ಕನಸಿನ್ಯಾಗ ಕನವರಸ್ತಾಳ್ರಿ."

"ಹಂಗಾದ್ರ ಕಟ್ಟರಿ. ಒಂದು ಟವೆಲ್ಲೂ ಹಾಕ್ರಿ."

ದರಕ್ಕೆ ಒಂದು ಮಾತೂ ಜಗ್ಗಾಡಲಿಲ್ಲ! ಅವಳ ಮನಸ್ಸು ಬದಲಾಗುವ ಮೊದಲೇ ಶಾಂತಪ್ಪ ಕಟ್ಟಿಕೊಟ್ಟ. ಭೀಮಮ್ಮ ಓಣಿ ಮುಟ್ಟಿ ಸುದ್ದಿ ಹೇಳಿದ್ದೇ ತಡ, ಶುರುವಾಯಿತು ನೋಡಿ ಗದ್ದಲ. ಓಣಿಯ ಹೆಂಗಸರು ಬಂದರು, ಅವರ ನಾದಿನಿಯರು ಬಂದರು, ಪಕ್ಕದ ಗೋಗಿ ಊರಿನಿಂದ ಶೇರ್ ಆಟೊದಲ್ಲಿ ಅವರ ಬೀಗರೂ ಬಂದಿಳಿದರು. ಎಲ್ಲರದೂ ಒಂದೇ ಮಾತು, "ಆ ಬದನಿಕಾಯಿ ಕಲರಿಂದು ಕೊಡ್ರಿ." ಯಾರ ಮನೆಯ ಕಾರ್ಯ ಎಂದು ಕೇಳಿದರೆ ಎಲ್ಲರಿಗೂ ಅದೇ ನಗು. ಒಬ್ಬಳು ಎರಡು ಕೇಳಿದಾಗ ಶಾಂತಪ್ಪ ರಟ್ಟಿನ ಕಡೆ ಬೆರಳು ತೋರಿಸಿದ. ಅವನಿಗೆ ಆಗ ಆದ ಸುಖ ಮದುವೆಯ ದಿನವೂ ಆಗಿರಲಿಲ್ಲ.

"ನೋಡಿದೇನೋ ಚೇತನಾ? ಗಿರಾಕಿ ಮನಸು ತಿಳೀಬೇಕು. ಬೋರ್ಡಿನ ಕರಾಮತ್ತು!"

ಚೇತನಕುಮಾರ ಸಪ್ಪಗೆ ಟೇಪನ್ನು ಜೇಬಿನ ಒಳಕ್ಕೆ ತಳ್ಳಿದ.

"ಆದ್ರ ಪಾಪ, ಆ ಕಾರ್ಯದ ಮನಿಯವ ಯಾವನೋ!" ಎಂದು ಶಾಂತಪ್ಪ ತೊಡೆ ತಟ್ಟಿಕೊಂಡು ನಕ್ಕ. "ಸಂಜಿಗಿ ಅವನ ಮನಿ ತುಂಬ ಬದನಿಕಾಯಿ! ಅವನ ಹೇಣ್ತಿ ಅವನ್ನ ಮನ್ಯಾಗ ಇಟ್ಟುಕೊಂತಾಳೇನು?"

ಚಹಾ ತಂದಿದ್ದ ಗುರಪ್ಪನಿಗೆ ಯಾಕೋ ಒಮ್ಮೆಲೇ ಕೆಮ್ಮು ಹತ್ತಿತು. ಕೆಮ್ಮಿನ ನಡುವೆಯೇ ಅವನೂ ಒಂದು ಸೀರೆ ಕಟ್ಟಿಸಿಕೊಂಡು ಹೋದ.

ಅಷ್ಟರಲ್ಲಿ ಎದುರಿನ ಅರ್ಜುಮಂದ ಆಪಾಳ ಸೀರೆ ಅಂಗಡಿಯ ಮುಂದೆ ಒಂದು ಆಟೊ ನಿಂತಿತು. ಒಳ್ಳೊಳ್ಳೆ ಇಳಕಲ್ ಅಂಚಿನ ಸೀರೆಗಳ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿ ಸಾಗಿಸಿದರು. ಆಪಾ ಬಾಗಿಲಿಗೆ ಬಂದು ಎಂದೂ ಇಲ್ಲದಂತೆ ಶಾಂತಪ್ಪನಿಗೆ ಸಲಾಂ ಮಾಡಿದಳು. ಒಂದು ತಣ್ಣನೆ ಶರಬತ್ತನ್ನೂ ಕಳಿಸಿದಳು.

"ಸೋತೀನಿ ಅಂತ ಒಪ್ಪಿಕೊಂಡಾಳ," ಎಂದು ಶಾಂತಪ್ಪ ಶರಬತ್ತು ಹೀರಿದ. "ಯಾವನೋ ಹುಚ್ಚ ಕೊಡಾಕ ಉಡೋ ಸೀರಿ ಒಯ್ಯಾಕತ್ತಾನ ನೋಡು. ಇಂಥವರ ಮನಿ ಉದ್ಧಾರ ಆದಂಗ."

ಮಧ್ಯಾಹ್ನ ದಾಟುವುದರೊಳಗೆ ಗಂಟು ಖಾಲಿ. ಗೆದ್ದ ಎತ್ತಿಗೆ ನಿಲ್ಲುವ ಬುದ್ಧಿ ಎಲ್ಲಿಂದ ಬರಬೇಕು? ಶಾಂತಪ್ಪ ಸೂರತ್‌ಗೆ ಫೋನ್ ಹಚ್ಚಿ, ಬಂದ ರೊಕ್ಕವನ್ನೆಲ್ಲ ಫೋನಿನಿಂದಲೇ ಕಳಿಸಿ, ಅದೇ ಬಣ್ಣದ ಇನ್ನೂ ಎರಡು ಗಂಟು ಹೇಳಿದ. "ಮಾಲು ವಾಪಸ್ ತಗೊಳ್ಳಂಗಿಲ್ಲ," ಎಂದು ಆ ಕಡೆಯವ ಎರಡೆರಡು ಸಲ ಹೇಳಿದ. ಇವನು ನಕ್ಕುಬಿಟ್ಟ.

ಸಂಜೆ ಪೇಡೆಯ ಪೊಟ್ಟಣ ಹಿಡಿದುಕೊಂಡು, ಭಾವಮೈದುನನನ್ನು ಹಿಂದೆ ಕೂರಿಸಿಕೊಂಡು ಶಾಂತಪ್ಪ ಗಾಡಿ ಓಡಿಸಿದ. ಓಣಿಯ ತುದಿಯಲ್ಲಿ ಪೆಂಡಾಲು ಕಂಡಿತು.

"ಓಹೋ, ಕಾರ್ಯ ನಮ್ಮ ಓಣ್ಯಾಗ ಅದ! ಯಾರ ಮನ್ಯಾಗೋ?"

ಪೆಂಡಾಲು ಅವನ ಮನೆಯ ಬಾಗಿಲಿಗೇ ಕಟ್ಟಿತ್ತು. ಹುಗ್ಗಿಯ ವಾಸನೆ ಬೀದಿಗೆ ಬರುತ್ತಿತ್ತು. ಶಾಂತಪ್ಪ ಗಾಡಿಯಿಂದ ಇಳಿಯುವುದನ್ನೇ ಮರೆತ.

"ಬಾ ಯಪ್ಪಾ, ಬಾ," ಎಂದು ಹಂಪಮ್ಮ ಕೈ ಹಿಡಿದು ಎಳೆದಳು. "ಸಿಟ್ಟಾಗಬ್ಯಾಡ. ನಿನಗ ಹೇಳಬ್ಯಾಡ್ರಿ ಅಂತ ಎಲ್ಲಾರಿಗೂ ನಾನೇ ಆಣಿ ಹಾಕಿದ್ದೆ."

ಗಂಡ ಹೆಂಡತಿಯನ್ನು ಮಣೆಯ ಮೇಲೆ ಕೂರಿಸಿದರು. ಆಯೇರಿ ಶುರುವಾಯಿತು. ಮೊದಲು ಭೀಮಮ್ಮ ಬಂದಳು. ಶಾಂತಪ್ಪನ ಹೆಗಲಿಗೆ ಟವೆಲ್ಲು, ಬಸವೇಶ್ವರಿಯ ಮಡಿಲಿಗೆ ಬದನೆಕಾಯಿ. ಅವಳ ಹಿಂದೆ ನಾದಿನಿ, ಮತ್ತೊಂದು ಬದನೆಕಾಯಿ. ಗೋಗಿಯ ಬೀಗರು, ಬದನೆಕಾಯಿ. ಗುರಪ್ಪ ಮುಖ ಬೇರೆ ಕಡೆ ತಿರುಗಿಸಿಕೊಂಡು ಬಂದು ಬದನೆಕಾಯಿ ಇಟ್ಟು ಹೋದ. ರಾಶಿ ಬಸವೇಶ್ವರಿಯ ಗದ್ದ ಮುಟ್ಟಿತು.

"ಬೋರ್ಡ್ ಇತ್ತಲ್ರಿ, ಒಬ್ಬರಿಗಿ ಒಂದ ಅಂತ," ಎಂದು ಭೀಮಮ್ಮ ಮರುಗಿದಳು. "ಇಲ್ಲಂದ್ರ ಎರಡು ತರ್ತಿದ್ದೆ. ಕನಸಿನ್ಯಾಗ ಕನವರಸ್ತೀಯಂತ, ಒಂದರ ತರ್ರಿ ಅಂತ ಗಂಡನ ಕಾಲು ಹಿಡದೀಯಂತಲ್ಲಬೇ ತಂಗಿ?"

ಬಸವೇಶ್ವರಿ ಮಂದಿಯ ಕಡೆ ನಕ್ಕಳು. ಗಂಡನ ಕಡೆ ತಿರುಗಿ ಹಲ್ಲು ಕಚ್ಚಿ ಕೇಳಿದಳು, "ನಾ ಯಾವಾಗ ಕಾಲು ಹಿಡಿದಿದ್ದೆ ನಿಮ್ಮವು?"

ಅಷ್ಟರಲ್ಲಿ ಹಂಪಮ್ಮ ಒಳಗಿನಿಂದ ಡಬ್ಬಿಗಳನ್ನು ತರಿಸಿದಳು. ಬಂದವರಿಗೆ ತಿರುಗಿ ಆಯೇರಿ ಮಾಡದೆ ಕಳಿಸುವ ಮನೆತನ ಅವರದಲ್ಲ. ಡಬ್ಬಿಗಳನ್ನು ಶಾಂತಪ್ಪ ಗುರುತು ಹಿಡಿದ. ಬೆಳಿಗ್ಗೆ ಎದುರಿನ ಅಂಗಡಿಯಿಂದ ಆಟೊ ಏರಿದವೇ ಅವು.

"ಯವ್ವಾ! ಇವು ಅರ್ಜುಮಂದನ ದುಕಾನದ್ದಲ್ಲ?"

"ಹೌದೋ. ನಿನ್ನ ಹೆಸರೀಲೆ ಬರಸೀನಿ. ಭಾಳ ಚಲೋ ಹೆಣ್ಮಗಳು, ಒಂದು ಮಾತು ಕೇಳಲಿಲ್ಲ."

"ನಮ್ಮದೇ ದುಕಾನ ಇರಬೇಕಾದ್ರ..."

"ಇದ್ರೇನಾತೋ? ಮನಿಗಿ ಬಂದ ಮಂದಿಗಿ ಆ ಬದನಿಕಾಯಿ ಕೊಟ್ಟು ನನ್ನ ಮರ್ಯಾದಿ ಕಳ್ಕೊಳ್ಳಲೇನು?"

ಚೇತನಕುಮಾರ ಮೆಲ್ಲಗೆ ಪಕ್ಕಕ್ಕೆ ಬಂದ. "ಮಾಮಾರ, ಈ ರಾಶಿ ಎಲ್ಲಿ ಇಡೋಣು?"

"ಮ್ಯಾಲಿನ ಖೋಲ್ಯಾಗ..."

"ಅದು ನನ್ನ ಖೋಲಿ," ಎಂದಳು ಹಂಪಮ್ಮ. "ಇವನ್ನ ದುಕಾನಕ್ಕ ಒಯ್ಯೋ."

ಬಸವೇಶ್ವರಿ ರಾಶಿಯ ಹಿಂದಿನಿಂದಲೇ ಹೇಳಿದಳು, "ಗಂಟು ದುಕಾನದಾಗ ಇದ್ರ ಅರ್ಧಾ ದುಕಾನ ಯಾರಿಗಿ ಅಂತ ಬೆಳಿಗ್ಗೆ ಮಾತಾಗ್ಯಾದ." ಚೇತನಕುಮಾರನ ಟೇಪು ಜೇಬಿನಿಂದ ಮತ್ತೆ ತಲೆ ಎತ್ತಿತು. ಅದೇ ಹೊತ್ತಿಗೆ ಶಾಂತಪ್ಪನ ಫೋನು ಗುಂಯ್ ಅಂದಿತು. ಸೂರತ್‌ನಿಂದ ಫೋಟೊ ಬಂದಿತ್ತು. ಲಾರಿ ಏರಲು ಸಜ್ಜಾಗಿದ್ದ ಎರಡು ಗಂಟಿನ ಸೀರೆಗಳು ಅದರಲ್ಲಿ ಅಪ್ಪಟ ನವಿಲಿನ ಬಣ್ಣಕ್ಕಿದ್ದವು.

ಹುಗ್ಗಿ ಉಂಡು ಮಂದಿ ಚದುರಿದರು. ಕೊನೆಗೆ ಹೊರಟ ಭೀಮಮ್ಮ ತನಗೆ ಸಿಕ್ಕ ಇಳಕಲ್ ಅಂಚನ್ನು ಸವರುತ್ತ ಶಾಂತಪ್ಪನ ಮುಂದೆ ನಿಂತಳು.

"ಮುಂದಿನ ವಾರ ನಮ್ಮ ಮೊಮ್ಮಗನ ತೊಟ್ಲಾ ಕಾರ್ಯ ಅದ್ರಿ ಶಾಂತಪ್ಪಣ್ಣ. ಎಲ್ಲಾರೂ ತಪ್ಪಸದ ಬರ್ರಿ. ಆಯೇರಿ ಮಾತ್ರ ಅರ್ಜುಮಂದನ ದುಕಾನದ್ದ ತರ್ರಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ದುಕಾನದ್ದು ಕೊಡಾಕ ಚಲೋ ಅದ, ಉಡಾಕ ಅಲ್ಲ."